ಛತ್ರಿ ಹಿಡಿದವರ ಕಥೆ

ವಾಡಿಗೆ ಕಥೆಗಳು ಬರುತ್ತಿದ್ದುದು ರೈಲಿನಲ್ಲಿ. ಊರೊಳಗೆ ಪುಸ್ತಕದ ಅಂಗಡಿ ಅಂತ ಇದ್ದವುಗಳಲ್ಲಿ ಪಠ್ಯಪುಸ್ತಕ, ಗೈಡು, ಜಾಮಿಟ್ರಿ ಬಾಕ್ಸು ಸಿಗುತ್ತಿದ್ದವು. ಪರೀಕ್ಷೆಗೆ ಸಂಬಂಧವಿಲ್ಲದ್ದೇನಾದರೂ ಓದಬೇಕೆಂದರೆ ಸ್ಟೇಷನ್ನಿಗೇ ಹೋಗಬೇಕು. ಮುಂಬೈ–ಮದ್ರಾಸ್ ಹಾದಿಯಿಂದ ಹೈದರಾಬಾದಿನ ಕಡೆಗೆ ಒಂದು ಕವಲು ಒಡೆಯುವುದು ನಮ್ಮಲ್ಲಿ. ಸಿಕಂದರಾಬಾದಿನಿಂದ ವಾಡಿಯವರೆಗೆ ನಿಜಾಮರ ರೈಲು ಬಂದದ್ದು 1874ರಲ್ಲಿ. ಈಗಲೂ ಮಧ್ಯ ರೈಲ್ವೆ ಮತ್ತು ದಕ್ಷಿಣ ಮಧ್ಯ ರೈಲ್ವೆಯ ಗಡಿ ಅಲ್ಲೇ ಕೂಡುತ್ತದೆ. ಗಾಡಿಯ ಡ್ರೈವರು, ಗಾರ್ಡು ಬದಲಾಗುವ ಜಾಗ. ಇಂಥ ಕಡೆ ಭಾಷೆಗಳೂ ಇಳಿದು ಹತ್ತುತ್ತವೆ. ನಮ್ಮ ಓಣಿಯಲ್ಲಿ ಕನ್ನಡ, ದಖನಿ, ತೆಲುಗು, ಮರಾಠಿ, ಲಂಬಾಣಿ ಐದೂ ಒಂದೇ ನಳದ ಮುಂದೆ ಜಗಳಾಡುತ್ತಿದ್ದವು.

ವಾಡಿಯಲ್ಲೇ ಓಟ ಮುಗಿಸುವ ಪ್ಯಾಸೆಂಜರ್ ಗಾಡಿಗಳ ಸೀಟಿನ ಮೇಲೆ ಜನ ಬಿಟ್ಟುಹೋದ ಪತ್ರಿಕೆಗಳು ಒಂದು ರದ್ದಿ ಅಂಗಡಿಗೆ ಬಂದು ಬೀಳುತ್ತಿದ್ದವು. ಆ ಅಂಗಡಿಯವನು ಅವನ್ನು ತೂಕಕ್ಕೆ ಹಾಕುವ ಮೊದಲು ಹುಡುಗರಿಗೆ ದಿನದ ಬಾಡಿಗೆಗೆ ಕೊಡುತ್ತಿದ್ದ. ನಾನು ಓದಿದ್ದರಲ್ಲಿ ಬಹುಪಾಲು ಹೀಗೆ ಯಾರೋ ಅರ್ಧ ಓದಿ ಬಿಟ್ಟದ್ದು. ಮುಖಪುಟ ಇರುತ್ತಿರಲಿಲ್ಲ, ಕೆಲವು ಸಲ ಕೊನೆಯ ಪುಟವೂ ಇರುತ್ತಿರಲಿಲ್ಲ. ಕಥೆಯ ಕೊನೆಯನ್ನು ನಾವೇ ಸೇರಿ ತೀರ್ಮಾನ ಮಾಡುತ್ತಿದ್ದೆವು, ಆ ತೀರ್ಮಾನಕ್ಕೆ ಹೊಡೆದಾಟವೂ ಆಗುತ್ತಿತ್ತು.

1990ರ ಸುಮಾರಿಗೆ ನನಗೆ ಹನ್ನೆರಡು. ಎಲ್ಲಕ್ಕಿಂತ ಮೇಲೆ ‘ಚಂದಮಾಮ’. 1947ರಲ್ಲಿ ಮದ್ರಾಸಿನಿಂದ ತೆಲುಗು, ತಮಿಳಿನಲ್ಲಿ ಶುರುವಾಗಿ ಎರಡು ವರ್ಷಕ್ಕೆ ಕನ್ನಡಕ್ಕೆ ಬಂದ ಪತ್ರಿಕೆ. ಎಲ್ಲ ಭಾಷೆಯ ಸಂಚಿಕೆಗೂ ಚಿತ್ರಗಳು ಅವೇ. ಹೀಗಾಗಿ ಸೇಡಂ ಕಡೆಯಿಂದ ಬಂದ ತೆಲುಗು ಸಂಚಿಕೆ ಮೊದಲು ಸಿಕ್ಕರೆ ಚಿತ್ರ ನೋಡಿ ಕಥೆ ಕಟ್ಟಿಕೊಳ್ಳುತ್ತಿದ್ದೆವು, ಕನ್ನಡದ್ದು ಸಿಕ್ಕಾಗ ಸರಿಯೋ ತಪ್ಪೋ ನೋಡುತ್ತಿದ್ದೆವು. ಅದರಲ್ಲಿ ಬರುತ್ತಿದ್ದ ಮಾಂತ್ರಿಕರ, ಪಾತಾಳದ, ರಾಕ್ಷಸರ ಧಾರಾವಾಹಿಗಳನ್ನು ಬರೆದವರು ದಾಸರಿ ಸುಬ್ರಹ್ಮಣ್ಯಂ ಎಂಬ ತೆಲುಗು ಲೇಖಕರು ಅಂತ ಗೊತ್ತಾದದ್ದು ನಾನು ದೊಡ್ಡವನಾದ ಮೇಲೆ. ಪತ್ರಿಕೆಯಲ್ಲಿ ಅವರ ಹೆಸರು ಹಾಕುತ್ತಿರಲಿಲ್ಲ. ಅಷ್ಟು ಮಕ್ಕಳ ನಿದ್ದೆಗೆಡಿಸಿದ ಮನುಷ್ಯ ಹೆಸರಿಲ್ಲದೆ ಉಳಿದರು ಎಂಬುದು ನನಗೆ ಈಗಲೂ ನೋವಿನ ಸಂಗತಿ.

‘ಚಂದಮಾಮ’ದ ಸಣ್ಣ ಕಥೆಗಳಲ್ಲಿ ನಮ್ಮಂಥವರು ಇದ್ದರು, ಇಲ್ಲವೆಂದು ಹೇಳಲಾರೆ. ರೈತ, ಕುಂಬಾರ, ಜಾಣ ಸೊಸೆ, ಜಿಪುಣ ಸಾಹುಕಾರ ಎಲ್ಲರೂ ಬರುತ್ತಿದ್ದರು. ಆದರೆ ಮಾಯೆ ಇದ್ದ ಕಡೆ ಅವರಿಗೆ ಜಾಗ ಇರಲಿಲ್ಲ. ಗುಹೆಯ ಬಾಗಿಲು ತೆರೆಯಬೇಕಾದರೆ ಕ್ಷತ್ರಿಯ ಕುಮಾರ ಬೇಕು. ಅವನ ಭುಜದ ಮೇಲೆ ಮಚ್ಚೆ ಇರಬೇಕು, ಇಲ್ಲದಿದ್ದರೆ ಹುಟ್ಟಿದ ಗಳಿಗೆಯಲ್ಲಿ ಜ್ಯೋತಿಷಿ ಏನೋ ನುಡಿದಿರಬೇಕು. ‘ಬಾಲಮಂಗಳ’ದ ಡಿಂಗನಿಗೆ ಅಸಾಧಾರಣ ಶಕ್ತಿ ಇತ್ತು. 1994ರಲ್ಲಿ ದೂರದರ್ಶನಕ್ಕೆ ‘ಚಂದ್ರಕಾಂತಾ’ ಬಂದಾಗ ಭಾನುವಾರ ಬೆಳಿಗ್ಗೆ ಓಣಿಯೇ ಖಾಲಿಯಾಗುತ್ತಿತ್ತು. ದೇವಕಿನಂದನ ಖತ್ರಿಯವರು 1888ರಲ್ಲಿ ಬರೆದ ಹಿಂದಿ ಕಾದಂಬರಿಯ ಎಳೆ ಅದು. ಅಲ್ಲೂ ರಾಜಕುಮಾರ, ರಾಜಕುಮಾರಿ, ವೇಷ ಬದಲಿಸುವ ಐಯಾರರು. ನಮ್ಮ ವಯಸ್ಸಿಗೆ ಹತ್ತಿರ ಬಂದವನೆಂದರೆ ರಾಜ್ ಕಾಮಿಕ್ಸಿನ ಸೂಪರ್ ಕಮಾಂಡೋ ಧ್ರುವ. ಸರ್ಕಸ್ಸಿನಲ್ಲಿ ಬೆಳೆದ ಹುಡುಗ, ಹಾರಲಾರ, ಮಾಯವಾಗಲಾರ, ಇರುವುದು ಬುದ್ಧಿ ಮತ್ತು ಒಂದು ಮೋಟರ್‌ಸೈಕಲ್ಲು. ರೈಲ್ವೆ ಕ್ವಾಟರ್ಸಿನ ಹುಡುಗರು ಅವನನ್ನು ಹಿಂದಿಯಲ್ಲಿ ಓದಿ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಆದರೂ ರಾಜನಗರವನ್ನು ಕಾಯುವ ಹೊಣೆ ಅವನೊಬ್ಬನದೇ. ರಾಜನಗರದಲ್ಲಿ ಅವನ ಕ್ಲಾಸಿನಲ್ಲಿ ಕೂತು ಗಣಿತದಲ್ಲಿ ನಪಾಸಾಗುವವನ ಬಗ್ಗೆ ಯಾರೂ ಬರೆಯಲಿಲ್ಲ.

ನಾವು ಆ ನಪಾಸಾಗುವವರು. ನಮ್ಮಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದರೆ ಮನೆಯಲ್ಲಿ ಪಿಸುಮಾತು. ನನ್ನ ಜೊತೆಗಾರರ ಅಪ್ಪಂದಿರು ಒಂದೋ ಸಿಮೆಂಟ್ ಕಾರ್ಖಾನೆಯಲ್ಲಿ, ಇಲ್ಲವೇ ಫರ್ಸಿ ಕಲ್ಲಿನ ಖಣಿಯಲ್ಲಿ. ದೇಶದ ತುಂಬ ಮನೆಗಳಲ್ಲಿ ಹಾಸಿರುವ ಶಹಾಬಾದ್ ಕಲ್ಲು ನಮ್ಮ ಕಾಲಡಿಯದು. ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾದದ್ದು 1968ರಲ್ಲಿ. ಊರಿನ ಗಡಿಯಾರವೇ ಅದರ ಭೋಂಗಾ. ಭೋಂಗಾ ಕೂಗಿದರೆ ಅವ್ವಂದಿರು ರೊಟ್ಟಿ ಬಡಿಯಲು ಕೂಡುತ್ತಿದ್ದರು, ಎರಡನೇ ಭೋಂಗಾಕ್ಕೆ ನಾವು ಸಾಲಿಗೆ ಓಡುತ್ತಿದ್ದೆವು. ಖಣಿಯ ಕಡೆ ಸುರಂಗ ಹಾರಿಸಿದರೆ ಕಿಟಕಿ ಗದಗುಟ್ಟುತ್ತಿತ್ತು, ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ನೆಲ ನಡುಗುವುದು ನಮಗೆ ಸುದ್ದಿಯೇ ಆಗಿರಲಿಲ್ಲ.

ಅದಕ್ಕೇ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ ಮಂಚ ಅಲುಗಿದಾಗ ಅವ್ವ ಮೊದಲು ಆಡಿದ ಮಾತು, ‘ಇಷ್ಟ್ ಹೊತ್ನ್ಯಾಗ ಯಾಕ ಬ್ಲಾಸ್ಟಿಂಗ್ ಮಾಡ್ಲತ್ಯಾರ?’ ಅಂತ. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದು ಎಲ್ಲರೂ ದಣಿದು ಮಲಗಿದ್ದರು. ಕಪಾಟಿನ ಮೇಲಿನ ಹಿತ್ತಾಳೆ ಕೊಡ ಉರುಳಿತು, ನಾಯಿಗಳು ಬೊಗಳಿದವು, ಆಮೇಲೆ ಇಡೀ ಓಣಿ ಹೊರಗೆ ಬಂದು ನಿಂತಿತು. ಮಧ್ಯಾಹ್ನದ ಹೊತ್ತಿಗೆ ರೇಡಿಯೋದಲ್ಲಿ ಕಿಲ್ಲಾರಿಯ ಹೆಸರು ಬಂತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಸುಮಾರು ಹತ್ತು ಸಾವಿರ. ಮಣ್ಣು ಕಲ್ಲಿನ ದಪ್ಪ ಗೋಡೆಗಳು ಮಲಗಿದವರ ಮೇಲೆ ಕುಸಿದಿದ್ದವು. ನಮ್ಮ ಮನೆಗಳ ಗೋಡೆಗಳೂ ಅಂಥವೇ. ವಾರಗಟ್ಟಲೆ ಅಂಗಳದಲ್ಲೇ ಮಲಗಿದೆವು.

ಆ ವರ್ಷ ನನ್ನದು ಎಸ್ಸೆಸ್ಸೆಲ್ಸಿ. ಅಂಗಳದಲ್ಲಿ ಕಂದೀಲು ಇಟ್ಟುಕೊಂಡು ಬೀಜಗಣಿತ ಮಾಡಿದ್ದು ನೆನಪಿದೆ. ಜಗತ್ತು ಮುಳುಗುತ್ತದೆ, ಇಂಥ ದಿನ ಇಂಥ ಗಳಿಗೆಗೆ ಮತ್ತೆ ಆಗುತ್ತದೆ ಅಂತ ದಿನಕ್ಕೊಂದು ವದಂತಿ. ನಮ್ಮ ಚಿಂತೆ ಬೇರೆ. ಅರ್ಧವಾರ್ಷಿಕ ಪರೀಕ್ಷೆ ಮುಂದಕ್ಕೆ ಹೋಗುತ್ತದೋ ಇಲ್ಲವೋ? ಇದನ್ನು ಕಲ್ಲೆದೆ ಅಂತ ಯಾರಾದರೂ ಅಂದರೆ ಒಪ್ಪುವುದಿಲ್ಲ. ಹದಿನೈದು ವರ್ಷದವನಿಗೆ ಭೂಕಂಪವೂ ಪರೀಕ್ಷೆಯೂ ಒಂದೇ ತಲೆಯಲ್ಲಿ ಇರುತ್ತವೆ. ಪರೀಕ್ಷೆಗೆ ತಾರೀಖು ಇರುತ್ತದೆ, ಭೂಕಂಪಕ್ಕೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಎರಡು ವರ್ಷಕ್ಕೆ, 1995ರ ಸೆಪ್ಟೆಂಬರ್ 21ಕ್ಕೆ, ಗಣಪತಿ ಹಾಲು ಕುಡಿದ. ದಿಲ್ಲಿಯಲ್ಲಿ ಬೆಳಗಾಗುವ ಮುಂಚೆ ಶುರುವಾದದ್ದು ಸಂಜೆಗೆ ವಾಡಿಗೆ ಬಂತು. ನಾನಾಗ ಪಿಯುಸಿಗೆ ಗುಲ್ಬರ್ಗಕ್ಕೆ ಗಾಡಿಯಲ್ಲಿ ಓಡಾಡುತ್ತಿದ್ದೆ. ಸ್ಟೇಷನ್ನಿಂದ ಮನೆಗೆ ಬರುವ ದಾರಿಯಲ್ಲಿ ಗುಡಿಯ ಮುಂದೆ ತಂಬಿಗೆ ಹಿಡಿದ ಸಾಲು. ಚಮಚದ ಅಂಚು ಕಲ್ಲಿಗೆ ತಾಗಿದಾಗ ಹಾಲು ಹೇಗೆ ಜಾರಿ ಇಳಿಯುತ್ತದೆ ಅಂತ ನಮ್ಮ ವಿಜ್ಞಾನದ ಮೇಷ್ಟ್ರು ಮರುದಿನ ಬೋರ್ಡಿನ ಮೇಲೆ ಬರೆದು ತೋರಿಸಿದರು. ನನ್ನ ಪಕ್ಕ ಕೂತವನು ಕೇಳಿದ್ದು ಒಂದೇ, ‘ಸರ್, ಇದು ಪರೀಕ್ಷಾಕ ಬರ್ತದೇನ್ರಿ?’

ಆ ಸಾಲಿನಲ್ಲಿ ನಿಂತಿದ್ದ ಒಬ್ಬ ಹುಡುಗನ ಬಗ್ಗೆ ಹೇಳಬೇಕು. ಹೆಸರು ಬೇಡ, ಅವನು ಈಗಲೂ ಇದೇ ಊರಿನಲ್ಲಿದ್ದಾನೆ. ಐದನೇ ಇಯತ್ತೆಯಿಂದ ನನ್ನ ಜೊತೆ ಬೆಂಚಿನಲ್ಲಿ ಕೂತವನು. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಅವನಿಗೆ ಕೈ ತೊಳೆಯುವುದು ಹತ್ತಿತು. ತೊಳೆದ ಕೈ ಮತ್ತೆ ತೊಳೆಯುವನು, ಹೊಸ್ತಿಲು ದಾಟಿದವನು ತಿರುಗಿ ಬಂದು ಮತ್ತೆ ದಾಟುವನು. ನಳಕ್ಕೆ ನೀರು ಬರುವುದೇ ಎರಡು ದಿನಕ್ಕೊಮ್ಮೆ, ಅಂಥ ಮನೆಯಲ್ಲಿ ಇದು ದೊಡ್ಡ ಅಪರಾಧ. ಬೆರಳ ಸಂದಿಯಲ್ಲಿ ಚರ್ಮ ಒಡೆದು ರಕ್ತ ಬರುತ್ತಿತ್ತು. ಪರೀಕ್ಷೆಯಲ್ಲಿ ಮೊದಲನೇ ಉತ್ತರವನ್ನೇ ಬರೆದು ಅಳಿಸಿ, ಬರೆದು ಅಳಿಸಿ ಹಾಳೆ ಹರಿದುಹೋಗುತ್ತಿತ್ತು. ಗಂಟೆ ಬಾರಿಸಿದಾಗ ಎರಡನೇ ಪುಟಕ್ಕೂ ಬಂದಿರುತ್ತಿರಲಿಲ್ಲ. ಲೆಕ್ಕದಲ್ಲಿ ನಮಗೆಲ್ಲ ಹೇಳಿಕೊಡುತ್ತಿದ್ದವನು ಅವನು.

ಹೊರಗಿನ ಗಾಳಿ ಬಡಿದದೆ ಅಂದರು. ಅಮಾವಾಸ್ಯೆಗೊಂದು ಕಡೆ, ಗುರುವಾರಕ್ಕೊಂದು ಕಡೆ ಕರೆದೊಯ್ದರು. ತಾಯಿತ ಕಟ್ಟಿದರು, ಲಿಂಬೆಹಣ್ಣು ಇಳಿಸಿದರು, ಒಂದು ಕಡೆ ಬೇವಿನ ಬರಲಿನಿಂದ ಹೊಡೆದರು. ನಾವು ಬಾಡಿಗೆಗೆ ತಂದು ಓದುತ್ತಿದ್ದ ಪುಸ್ತಕಗಳ ತುಂಬ ದೆವ್ವಗಳೇ ಇದ್ದವಲ್ಲ, ನಾವೂ ನಂಬಿದೆವು. ಅವನೂ ನಂಬಿದ. ದೆವ್ವ ಇದ್ದರೆ ಅದನ್ನು ಓಡಿಸುವ ಒಬ್ಬ ವೀರ ಇರಬೇಕು ಎಂಬುದಷ್ಟೇ ನಮಗೆ ಕಥೆಗಳು ಕಲಿಸಿದ್ದು. ಕೈ ತೊಳೆಯುವ ಹುಡುಗನ ಕಥೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನು ಎಸ್ಸೆಸ್ಸೆಲ್ಸಿ ದಾಟಲಿಲ್ಲ. ಶಹಾಬಾದ್ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಹಾಕಿದ. ಲಾರಿಗಳಿಗೇನೂ ಕೊರತೆ ಇಲ್ಲದ ರಸ್ತೆ, ಅಂಗಡಿ ನಡೆಯಿತು.

ಹದಿನಾರಕ್ಕೆ ಬಂದಾಗ ‘ಚಂದಮಾಮ’ ಚಿಕ್ಕದಾಯಿತು. ಅಲ್ಲಿಂದ ಮುಂದೆ ಕನ್ನಡದಲ್ಲಿ ಮೆಟ್ಟಿಲೇ ಇರಲಿಲ್ಲ. ಮಕ್ಕಳ ಪುಸ್ತಕದಿಂದ ಇಳಿದರೆ ನೇರ ದೊಡ್ಡವರ ಕಾದಂಬರಿಯ ನಡುನೀರು. ಗುಲ್ಬರ್ಗದ ಗ್ರಂಥಾಲಯದಲ್ಲಿ ನಾನು ಮೊದಲು ಎತ್ತಿಕೊಂಡ ದೊಡ್ಡ ಕಾದಂಬರಿಗಳ ತುಂಬ ಗಂಡ ಹೆಂಡಿರ ಸಂಕಟ, ಆಸ್ತಿ ಪಾಲು, ಸಾವು. ಅವು ದೊಡ್ಡ ಕೃತಿಗಳೇ, ಆದರೆ ಹದಿನಾರರ ಹುಡುಗನಿಗೆ ಅಲ್ಲಿ ಕೂರಲು ಕುರ್ಚಿ ಇಲ್ಲ. ಆಗ ಸಿಕ್ಕದ್ದು ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಪುಸ್ತಕ, ನನ್ನ ಕೈಗೆ ಬರಲು ಹದಿನೈದು ವರ್ಷ ತಗೊಂಡಿತು. ಅದರಲ್ಲಿ ಲಕ್ಷಾಂತರ ವರ್ಷ ಹಿಂದಿನ ಹಾರುವ ಓತಿ ಇದೆ. ಅದನ್ನು ಕಂಡವನು ಜೇನು ಕೀಳುವ ಮಂದಣ್ಣ. ಊರು ಅವನನ್ನು ದಡ್ಡ ಅನ್ನುತ್ತದೆ, ವಿಜ್ಞಾನಿ ಅವನ ಹಿಂದೆ ಹೋಗುತ್ತಾನೆ. ಅದ್ಭುತವನ್ನು ನೋಡಲು ಭುಜದ ಮೇಲೆ ಮಚ್ಚೆ ಬೇಕಿಲ್ಲ ಅಂತ ನನಗೆ ಹೇಳಿದ ಮೊದಲ ಪುಸ್ತಕ ಅದು. ಹಾಗಿದ್ದೂ ಅದು ಮಲೆನಾಡಿನ ಕಾಡು, ಮಂದಣ್ಣ ಮದುವೆಯ ವಯಸ್ಸಿನವನು. ವಾಡಿಯಲ್ಲಿ ಮರ ಹುಡುಕಿಕೊಂಡು ಹೋಗಬೇಕು, ಕಾಡು ನೋಡಬೇಕೆಂದರೆ ಚಿಂಚೋಳಿಯ ಗಡಿಯವರೆಗೆ ಹೋಗಬೇಕು.

ಇನ್ನು ಈಗಿನ ಮಾತು.

ನಮ್ಮಣ್ಣನ ಮಗಳು ಕಲಬುರಗಿಯಲ್ಲಿ ಪಿಯುಸಿ ಓದುತ್ತಿದ್ದಾಗ ಒಂದು ಶನಿವಾರ ಊರಿಗೆ ಬಂದವಳು ಊಟ ಬಿಟ್ಟು ಫೋನಿನಲ್ಲಿ ಮುಳುಗಿದ್ದಳು. ರೀಲ್ಸ್ ನೋಡುತ್ತಿರಬೇಕು ಅಂತ ಅತ್ತಿಗೆ ಬೈದರು. ಹುಡುಗಿ ಫೋನು ನನ್ನ ಕಡೆ ತಿರುಗಿಸಿದಳು. ಪರದೆಯ ತುಂಬ ಇಂಗ್ಲಿಷ್ ಅಕ್ಷರ. ಪ್ಯಾಟ್ರಿಕ್ ನೆಸ್ ಎಂಬ ಲೇಖಕರ ‘ದಿ ರೆಸ್ಟ್ ಆಫ್ ಅಸ್ ಜಸ್ಟ್ ಲಿವ್ ಹಿಯರ್’, 2015ರ ಕಾದಂಬರಿ.

‘ಇದ್ರಾಗ ರಾಕ್ಷಸ್ರು ಅದಾರ ಕಾಕಾ, ಆದ್ರ ಕಥಿ ಅವರ್ದಲ್ಲ,’ ಅಂದಳು.

‘ಮತ್ತ ಯಾರ್ದು?’

‘ಬಾಜೂಕ ಕುಂತೋರ್ದು.’

ಆ ಮಾತಿಗೆ ನಾನು ಪುಸ್ತಕ ಇಸಿದುಕೊಂಡೆ. ಅಮೆರಿಕದ ಒಂದು ಸಣ್ಣ ಊರು. ಅಲ್ಲಿ ಕೆಲವು ವರ್ಷಕ್ಕೊಮ್ಮೆ ಏನಾದರೊಂದು ಬರುತ್ತದೆ. ಒಂದು ತಲೆಮಾರಿಗೆ ರಕ್ತ ಹೀರುವವರು, ಇನ್ನೊಂದಕ್ಕೆ ಆತ್ಮ ತಿನ್ನುವ ದೆವ್ವಗಳು, ಈ ಸಲ ಸಾವಿಲ್ಲದವರು. ಅವರನ್ನು ಎದುರಿಸುವ ವಿಶೇಷ ಹುಡುಗರು ಅದೇ ಸಾಲಿಯಲ್ಲಿದ್ದಾರೆ. ಆದರೆ ಅವರ ಸಾಹಸವೆಲ್ಲ ಪ್ರತಿ ಅಧ್ಯಾಯದ ತಲೆಯ ಮೇಲೆ ನಾಲ್ಕಾರು ಸಾಲಿನಲ್ಲಿ ಮುಗಿದುಹೋಗುತ್ತದೆ. ಉಳಿದ ಪುಟಗಳೆಲ್ಲ ಮೈಕಿ ಎಂಬ ಸಾಧಾರಣ ಹುಡುಗ, ಅವನ ಅಕ್ಕ, ಗೆಳೆಯರದು. ಕುಡಿಯುವ ಅಪ್ಪ, ಚುನಾವಣೆಯ ಹಿಂದೆ ಬಿದ್ದ ಅಮ್ಮ, ಊಟ ಬಿಟ್ಟು ಸಾವಿನ ಬಾಗಿಲಿಗೆ ಹೋಗಿ ಬಂದ ಅಕ್ಕ, ಹೇಳಲಾಗದ ಪ್ರೀತಿ. ಸಾಲಿ ಸ್ಫೋಟವಾಗುವ ಮೊದಲು ಪಾಸಾಗಿ ಹೊರಬಿದ್ದರೆ ಸಾಕು ಎಂಬುದು ಅವರ ಆಸೆ.

ಮೈಕಿಗೆ ಕೈ ತೊಳೆಯುವ ಕಾಯಿಲೆ ಇದೆ. ಚರ್ಮ ಒಡೆಯುವವರೆಗೆ ತೊಳೆಯುತ್ತಾನೆ. ಅದನ್ನು ಓದುವಾಗ ನನಗೆ ಶಹಾಬಾದ್ ರಸ್ತೆ ಕಣ್ಣ ಮುಂದೆ ಬಂತು. ಮೈಕಿ ಮನೋವೈದ್ಯರ ಹತ್ತಿರ ಹೋಗುತ್ತಾನೆ, ಅವರು ಇದು ಕಾಯಿಲೆ, ಇದಕ್ಕೆ ಔಷಧ ಇದೆ ಎನ್ನುತ್ತಾರೆ. ರಾಕ್ಷಸರಿರುವ ಪುಸ್ತಕದಲ್ಲಿ ಕಾಯಿಲೆಯನ್ನು ರಾಕ್ಷಸ ಅನ್ನದೆ ಕಾಯಿಲೆ ಎಂದೇ ಕರೆದದ್ದು ನನಗೆ ಬಹಳ ದೊಡ್ಡದಾಗಿ ಕಂಡಿತು. ಅವನ ಗೆಳೆಯ ಜಾರೆಡ್ ಬೆಕ್ಕುಗಳ ದೇವತೆಯ ಮೊಮ್ಮಗ, ದೈವಾಂಶ ಇದ್ದವನು. ಅವನು ಕೊನೆಗೆ ಇದನ್ನು ವಾಸಿ ಮಾಡಿಕೊಡುತ್ತೇನೆ ಅಂದರೆ ಮೈಕಿ ಬೇಡವೆನ್ನುತ್ತಾನೆ. ಇಲ್ಲಿ ನನಗೂ ನಮ್ಮ ಹುಡುಗಿಗೂ ವಾದ ನಡೆಯಿತು. ಅವಳಿಗೆ ಅದು ಸರಿ. ನನಗೆ ಒಪ್ಪಿಗೆಯಿಲ್ಲ. ಒಡೆದ ಕೈಯನ್ನು ಹತ್ತಿರದಿಂದ ನೋಡಿದವರು ಅಷ್ಟು ಸುಲಭವಾಗಿ ಬೇಡ ಅನ್ನಲಾರರು. ಹಾಗೆಂದು ಪುಸ್ತಕದ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ.

ಮರುದಿನ ಗೆಳೆಯನ ಅಂಗಡಿಗೆ ಹೋಗಿ ಈ ಕಥೆ ಹೇಳಿದೆ. ಅವನು ಟ್ಯೂಬು ನೀರಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಪೂರ್ತಿ ಕೇಳಿದ. ಅಮೆರಿಕದ ಬಗ್ಗೆ, ಸಾವಿಲ್ಲದವರ ಬಗ್ಗೆ ಏನೂ ಕೇಳಲಿಲ್ಲ.

‘ಯಾವ ಗುಳಗಿ ಕೊಟ್ರಂತ?’ ಅಂದ.

ಅದು ಪುಸ್ತಕದಿಂದ ತಿಳಿಯಬೇಕಾದ ಮಾತಲ್ಲ ಅಂತ ಹೇಳಿ 14416ಕ್ಕೆ ಫೋನ್ ಹಚ್ಚಿಕೊಟ್ಟೆ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆಮೇಲೆ ಕಲಬುರಗಿಯಲ್ಲಿ ವೈದ್ಯರನ್ನು ನೋಡಿದ. ಈಗ ಔಷಧ ತೆಗೆದುಕೊಳ್ಳುತ್ತಾನೆ. ಪೂರ್ತಿ ವಾಸಿಯಾಗಿದೆ ಅಂತ ಅವನೂ ಹೇಳುವುದಿಲ್ಲ, ನಾನೂ ಬರೆಯುವುದಿಲ್ಲ. ಮೂವತ್ತು ವರ್ಷ ತಡವಾಯಿತು. ಬೇವಿನ ಬರಲು ಹಿಡಿದವರ ಮೇಲೆ ಅವನಿಗೆ ಸಿಟ್ಟಿಲ್ಲ. ನನಗಿದೆ.

ನಮ್ಮ ಹುಡುಗಿಯನ್ನು ಒಂದು ದಿನ ಸನ್ನತಿಗೆ ಕರೆದುಕೊಂಡು ಹೋದೆ. ಚಿತ್ತಾಪುರ ತಾಲ್ಲೂಕಿನದೇ ಊರು, ಭೀಮಾ ದಂಡೆ. 1986ರಲ್ಲಿ ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿಗೆ ಪೆಟ್ಟಾಯಿತು. ಮೂರ್ತಿ ತೆಗೆದು ನೋಡಿದರೆ ಅದಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ. ಯಾರೋ ಒಂದು ಕಾಲದಲ್ಲಿ ಆ ಕಲ್ಲಿಗೆ ತೂತು ಕೊರೆದು ದೇವಿಯನ್ನು ನಿಲ್ಲಿಸಿದ್ದರು. ನೂರಾರು ವರ್ಷ ಜನ ಚಕ್ರವರ್ತಿಯ ಮಾತಿನ ಮೇಲೆ ಎಣ್ಣೆ ಸುರಿದು ಕೈ ಮುಗಿದಿದ್ದರು. ಇದು ಬಯಲಾದಾಗ ನಾನು ಮೂರನೇ ತರಗತಿ. ನಮ್ಮ ಸಾಲಿಯಲ್ಲಿ ಯಾರೂ ಹೇಳಲಿಲ್ಲ. ತೊಂಬತ್ತರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ತ್ವ ಇಲಾಖೆಯವರು ಸ್ತೂಪ ಅಗೆಯುತ್ತಿದ್ದಾಗ ನಾನು ‘ಚಂದ್ರಕಾಂತಾ’ದ ಮಾಯಾ ಕೋಟೆ ನೋಡುತ್ತ ಕೂತಿದ್ದೆ. ಹೈದರಾಬಾದ್ ಗಾಡಿಯಲ್ಲಿ ಮಳಖೇಡ ರೋಡ್ ಸ್ಟೇಷನ್ ದಾಟುವಾಗಲೂ ಅಷ್ಟೇ. ಪಠ್ಯದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದ ನೃಪತುಂಗನ ರಾಜಧಾನಿ ಕಿಟಕಿಯಾಚೆಗಿದೆ ಎಂಬ ಅರಿವು ಇರಲಿಲ್ಲ.

ಕನಗನಹಳ್ಳಿಯಲ್ಲಿ ಸಿಕ್ಕ ಶಿಲ್ಪಗಳಲ್ಲಿ ಅಶೋಕನದೊಂದು ಇದೆ. ಬ್ರಾಹ್ಮಿ ಅಕ್ಷರದಲ್ಲಿ ರಾಜ ಅಶೋಕ ಅಂತ ಹೆಸರು ಕೆತ್ತಿದ್ದಾರೆ, ಹೀಗಾಗಿ ಅದು ಲೋಕಪ್ರಸಿದ್ಧ. ಅವನ ಪಕ್ಕ ರಾಣಿ, ಹಿಂದೆ ಚಾಮರ ಹಿಡಿದವಳು, ಛತ್ರಿ ಹಿಡಿದವಳು. ಹುಡುಗಿ ಅದರ ಚಿತ್ರ ನೋಡುತ್ತ, ‘ಈಕಿ ಹೆಸ್ರು ಯಾಕ ಬರ್ದಿಲ್ಲ?’ ಅಂದಳು. ಬೆರಳಿಟ್ಟದ್ದು ಛತ್ರಿಯವಳ ಮೇಲೆ.

ಕೆತ್ತಿದವನು ಅವಳ ಮುಖ ಮಾಡಿದ್ದಾನೆ, ನಿಲುವು ಮಾಡಿದ್ದಾನೆ. ಹೆಸರಿಗೆ ಬಂದಾಗ ಉಳಿ ರಾಜನ ಹತ್ತಿರ ನಿಂತಿತು. ಅದ್ಭುತ ಕಥೆಗಳೂ ಎರಡು ಸಾವಿರ ವರ್ಷ ಇದನ್ನೇ ಮಾಡಿವೆ. ನೆಸ್ ಅವರ ಕಾದಂಬರಿ ಛತ್ರಿಯವಳ ಹತ್ತಿರ ಕೂತು ಆಕೆಯ ಸಂಜೆಯ ಊಟ, ಆಕೆಯ ತಂಗಿಯ ಜ್ವರ, ಆಕೆಯ ತೋಳಿನ ನೋವು ಕೇಳುತ್ತದೆ. ರಾಜ ಹಾದುಹೋಗುತ್ತಾನೆ, ಅವನೂ ನಿಜವೇ. ಅವನ ಕಥೆ ನಾಲ್ಕು ಸಾಲು.

ಇಂಥ ಪುಸ್ತಕ ಕನ್ನಡದಲ್ಲಿ, ನಮ್ಮ ಭಾಗದ ಕನ್ನಡದಲ್ಲಿ ಬೇಕು. ಇದು ನನ್ನ ಆಸೆಗಿಂತ ಹೆಚ್ಚು, ನನ್ನ ತಕರಾರು. ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುವವರಿಲ್ಲ ಎಂಬ ಮಾತು ಸುಳ್ಳು. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ 2021ರಿಂದ ಸತತ ಮೂರು ವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕಾದಂಬರಿಗಳು. ಅವನ್ನು ತರಿಸಿ ಓದಿದ್ದೇನೆ, ಓದಿಸಿದ್ದೇನೆ. ಕೊರತೆ ಇರುವುದು ಅದರ ಮುಂದಿನ ಮೂರು ನಾಲ್ಕು ವರ್ಷಕ್ಕೆ. ಮೀಸೆ ಚಿಗುರುವ, ಮುಟ್ಟು ಶುರುವಾಗುವ, ಅಪ್ಪ ಅವ್ವ ಮನುಷ್ಯರೇ ಎಂದು ಮೊದಲ ಸಲ ಕಾಣುವ ವಯಸ್ಸಿಗೆ. ಆ ವಯಸ್ಸಿಗೆ ನಮ್ಮಲ್ಲಿ ಸಿಗುವುದು ನೀಟ್, ಸಿಇಟಿ ಪುಸ್ತಕ ಮತ್ತು ವ್ಯಕ್ತಿತ್ವ ವಿಕಸನ. ಇಂಗ್ಲಿಷ್ ಬಲ್ಲ ಹುಡುಗಿ ಫೋನಿನಲ್ಲಿ ಹೇಗೋ ತನ್ನ ವಯಸ್ಸಿನ ಪುಸ್ತಕ ಹುಡುಕಿಕೊಳ್ಳುತ್ತಾಳೆ. ಅದೇ ಓಣಿಯ ಕನ್ನಡ ಸಾಲಿಯ ಹುಡುಗನಿಗೆ ಆ ಬಾಗಿಲಿಲ್ಲ. ನಮ್ಮ ಕಾಲದಲ್ಲಿ ಇಬ್ಬರಿಗೂ ಇರಲಿಲ್ಲ, ಒಂದೇ ಹರಿದ ಪುಸ್ತಕಕ್ಕೆ ಇಬ್ಬರೂ ಜಗಳಾಡುತ್ತಿದ್ದೆವು. ಈಗ ಒಬ್ಬಳು ದಾಟಿದ್ದಾಳೆ, ಇನ್ನೊಬ್ಬ ಉಳಿದಿದ್ದಾನೆ. ಬದಲಾವಣೆ ಅಂದರೆ ಇದು, ಇದನ್ನು ಪ್ರಗತಿ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಉಳಿದದ್ದರಲ್ಲಿ ಎಷ್ಟೋ ಒಳ್ಳೆಯದಾಗಿದೆ. ರದ್ದಿ ಅಂಗಡಿ ಹೋಗಿದೆ, ಸುತ್ತಲಿನ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಬಣ್ಣ ಬಳಿದುಕೊಂಡಿವೆ, ಕೆಲವು ಕಡೆ ಕಂಪ್ಯೂಟರ್ ಇದೆ. ಸಂವಿಧಾನಕ್ಕೆ 371(ಜೆ) ವಿಧಿ ಬಂದ ಮೇಲೆ ನಮ್ಮ ಮಕ್ಕಳಿಗೆ ಸೀಟು ಸಿಗುತ್ತಿವೆ, ಹುದ್ದೆ ಸಿಗುತ್ತಿವೆ. ಹದಿನೇಳರ ಮಕ್ಕಳು ಆ ಪ್ರಮಾಣಪತ್ರಕ್ಕಾಗಿ ಸಹಾಯಕ ಆಯುಕ್ತರ ಕಚೇರಿಯ ಮುಂದೆ ನಿಲ್ಲುತ್ತಾರೆ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಎಸಿಸಿ ಹೋಲ್ಸಿಮ್ ಕೈಯಿಂದ 2022ರಲ್ಲಿ ಅದಾನಿ ಕೈಗೆ ಹೋಯಿತು. ಇವೆಲ್ಲ ದೊಡ್ಡ ಕಥೆಗಳು, ಅಧ್ಯಾಯದ ತಲೆಯ ಮೇಲೆ ಬರೆಯುವಂಥವು. ಅವುಗಳ ಕೆಳಗೆ ಬದುಕುವ ಹುಡುಗರ ಲೆಕ್ಕ ಬೇಕೆಂದರೆ 2025ರ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಬೇಕು. ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ, ಶೇಕಡ 42.43. ನೂರರಲ್ಲಿ ಐವತ್ತೇಳಕ್ಕೂ ಹೆಚ್ಚು ಮಕ್ಕಳು ನಪಾಸು. ಅಷ್ಟು ಮಕ್ಕಳ ಮನೆಯಲ್ಲಿ ಆ ಸಂಜೆ ಏನು ನಡೆಯಿತು? ಯಾರು ಊಟ ಮಾಡಲಿಲ್ಲ, ಯಾರು ಸೋಲಾಪುರದ ಗಾಡಿ ಹತ್ತಿದರು, ಯಾವ ಹುಡುಗಿಗೆ ಆ ವಾರವೇ ಗಂಡು ನೋಡಿದರು? ಇದನ್ನು ಪತ್ರಿಕೆ ಬರೆಯುವುದಿಲ್ಲ. ಕಾದಂಬರಿ ಬರೆಯಬೇಕು. ಅದರಲ್ಲಿ ಖಣಿಯ ತಳದಿಂದ ಏನಾದರೂ ಎದ್ದು ಬರಲಿ, ಬೇಡ ಅನ್ನುವುದಿಲ್ಲ. ಎರಡು ಸಾವಿರ ವರ್ಷದ ಶಾಸನ ದೇವಿಯ ಕಾಲಡಿಯಿಂದ ಎದ್ದು ಬಂದ ನೆಲ ಇದು. ಆದರೆ ಅದು ಎದ್ದು ಬಂದ ದಿನ ಗಣಿತದ ಮರುಪರೀಕ್ಷೆ ಇರಬೇಕು.

ಕಳೆದ ಬೇಸಿಗೆಯಲ್ಲಿ ನಮ್ಮ ಹುಡುಗಿ ಒಂದು ಕೆಲಸ ಮಾಡಿದಳು. ಸಂಜೆ ಮಾಳಿಗೆಯ ಮೇಲೆ ಓಣಿಯ ಹುಡುಗ ಹುಡುಗಿಯರನ್ನು ಕೂಡಿಸಿ ಆ ಕಾದಂಬರಿಯನ್ನು ದಿನಕ್ಕೊಂದು ಅಧ್ಯಾಯದಂತೆ ನಮ್ಮ ಮಾತಿನಲ್ಲಿ ಹೇಳಿದಳು. ಎಲ್ಲ ಒಂಬತ್ತು, ಹತ್ತನೇ ತರಗತಿಯವರು. ಇಬ್ಬರು ಮರುಪರೀಕ್ಷೆಗೆ ಕೂತವರು. ಮೊದಲ ದಿನ ವಿಶೇಷ ಹುಡುಗರ ಕಥೆ ಬೇಗ ಮುಗಿಯಿತೆಂದು ಕೂಗಾಡಿದರು. ಮೂರನೇ ದಿನಕ್ಕೆ ಅದನ್ನು ಕೇಳುವುದು ಬಿಟ್ಟು ಅಕ್ಕ ಊಟ ಮಾಡಿದಳೇ ಅಂತ ಕೇಳತೊಡಗಿದರು. ಬೆಕ್ಕುಗಳು ಜಾರೆಡ್‌ಗೆ ನಮಸ್ಕಾರ ಮಾಡುವ ಭಾಗವನ್ನು ಎರಡು ಸಲ ಹೇಳಿಸಿಕೊಂಡರು. ಕೊನೆಯ ದಿನ ನಾನೂ ಹೋಗಿ ಕೂತೆ. ಸಾಲಿ ಸ್ಫೋಟವಾಯಿತು, ಉರಿಯಿತು, ಕಥೆ ಮುಗಿಯಿತು. ಮರುಪರೀಕ್ಷೆಯವನೊಬ್ಬ ಕೈ ಎತ್ತಿದ.

‘ಅಕ್ಕಾ, ಸಾಲಿ ಸುಟ್ಟ ಮ್ಯಾಲ ಅವರ ಮಾರ್ಕ್ಸ್ ಕಾರ್ಡ್ ಯಾರ್ ಕೊಟ್ರು?’

‘ಮೊದ್ಲೇ ಕೊಟ್ಟಿದ್ರು. ಪಾಸಾದ ಮ್ಯಾಲೇ ಸುಟ್ಟದ್ದು.’

‘ಎಲ್ಲಾರೂ ಪಾಸಾ?’

ಅವಳು ಫೋನು ತೆಗೆದು ಹಿಂದಿನ ಪುಟಗಳನ್ನು ಹುಡುಕತೊಡಗಿದಳು.